ಕುಡಿತ ಬಿಟ್ಟ ಮೇಲೆ ಯೋಗವೋ, ಸೂಜಿಯೋ, ನಡಿಗೆಯೋ: ಯಾವುದು ಯಾರಿಗೆ?

ಮನೆಯಲ್ಲಿ ಒಬ್ಬರು "ಇನ್ಮೇಲೆ ಕುಡಿಯಲ್ಲ" ಅಂದರೆ ಸಾಕು, ಸಲಹೆಗಳು ಶುರುವಾಗುತ್ತವೆ. ಅತ್ತಿಗೆ ಯೋಗ ಕ್ಯಾಂಪ್ ಅನ್ನುತ್ತಾರೆ. ಆಫೀಸಿನವರು ವಿಪಸ್ಸನ ಅನ್ನುತ್ತಾರೆ. ಪಕ್ಕದ ಮನೆಯವರು ಯಾವುದೋ ಊರಿನ ನಾಟಿ ಔಷಧದವರ ನಂಬರ್ ಕೊಡುತ್ತಾರೆ, ವಾಟ್ಸಾಪ್‌ನಲ್ಲಿ ಯಾರೋ ಕಿವಿಗೆ ಸೂಜಿ ಚುಚ್ಚುವ ವಿಡಿಯೊ ಕಳಿಸುತ್ತಾರೆ. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಹೇಳುವುದು. ಆದರೆ ಕೈಯಲ್ಲಿರುವ ದುಡ್ಡು, ಸಿಗುವ ರಜೆ, ಮನೆಯವರ ತಾಳ್ಮೆ ಇಷ್ಟರೊಳಗೆ ಎಲ್ಲವನ್ನೂ ಮಾಡಿ ನೋಡೋಕೆ ಆಗಲ್ಲ, ಅಲ್ವಾ?

ಅದಕ್ಕೇ ಇವನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡೋಣ. ಹೆಚ್ಚಿನ ಮಾತು ಕುಡಿತದ ಬಗ್ಗೆ. ನಡುವೆ ಬೀಡಿ, ಗುಟ್ಕಾ, ಬೇರೆ ಮಾದಕ ವಸ್ತುಗಳೂ ಬರುತ್ತವೆ. ನಾನು ಡಾಕ್ಟರ್ ಅಲ್ಲ. ನೆಂಟರಿಷ್ಟರ ಜೊತೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಕೇಳಿ, ಓದಿ ತಿಳಿದುಕೊಂಡದ್ದು ಇಷ್ಟು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಯಾವ ಚಿಕಿತ್ಸೆ ಒಳ್ಳೆಯದು ಅಂತ ಹುಡುಕುವ ಮುಂಚೆ, ಆ ಮನುಷ್ಯನಿಗೆ ದಿನದ ಯಾವ ಹೊತ್ತು ಕಷ್ಟ ಅಂತ ಕೇಳಿ. ಆ ಹೊತ್ತಿಗೆ ಕೈಗೆ ಸಿಗುವಂಥದ್ದನ್ನೇ ಆರಿಸಿ.

ಮೊದಲ ವಾರ ಡಾಕ್ಟರದ್ದು

ದಿನಾ ಜಾಸ್ತಿ ಕುಡಿಯುವವರು, ಬೆಳಗ್ಗೆ ಎದ್ದ ತಕ್ಷಣ ಒಂದು ನೈಂಟಿ ಬೇಕೇ ಬೇಕು ಅನ್ನುವವರು, ಕುಡಿಯದಿದ್ದರೆ ಚಹಾದ ಲೋಟ ಹಿಡಿಯೋಕಾಗದಷ್ಟು ಕೈ ನಡುಗುವವರು ಒಮ್ಮೆಗೇ ನಿಲ್ಲಿಸಿದರೆ ಜೀವಕ್ಕೇ ಅಪಾಯ. ನಿಲ್ಲಿಸಿದ 6 ಗಂಟೆಯಿಂದ ಹಿಡಿದು 2 ದಿನದೊಳಗೆ ಫಿಟ್ಸ್ ಬರಬಹುದು. 2ರಿಂದ 4ನೇ ದಿನದ ಹೊತ್ತಿಗೆ ಕೆಲವರಿಗೆ ಜ್ವರ, ಬೆವರು, ಇಲ್ಲದ್ದು ಕಾಣುವುದು, ಎಲ್ಲಿದ್ದೇನೆ ಅಂತಲೇ ಗೊತ್ತಾಗದಿರುವುದು ಶುರುವಾಗುತ್ತದೆ. ಇದನ್ನು ಮನೆಯವರು ಎಷ್ಟೋ ಸಲ ಗಾಳಿ ಸೋಕಿದೆ ಅಂದುಕೊಳ್ಳುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಇದರಿಂದ ಸಾಯುವವರೂ ಇದ್ದಾರೆ.

ಈ ಹಂತಕ್ಕೆ ಬೇಕಾದದ್ದು ಮಾತ್ರೆ, ಬಿ1 ಜೀವಸತ್ವದ ಇಂಜೆಕ್ಷನ್, ನೀರು, ಊಟ, ಕಣ್ಣಿಟ್ಟು ನೋಡಿಕೊಳ್ಳುವ ಒಬ್ಬ ನರ್ಸ್. ಪ್ರಾಣಾಯಾಮದಿಂದ ಫಿಟ್ಸ್ ನಿಲ್ಲಲ್ಲ. ನಿದ್ದೆ ಮಾತ್ರೆಯ ಚಟ ಇದ್ದವರಿಗೂ ಇದೇ ಮಾತು ಅನ್ವಯಿಸುತ್ತದೆ, ಅದನ್ನೂ ಪಟ್ಟನೆ ನಿಲ್ಲಿಸಬಾರದು, ಡಾಕ್ಟರ್ ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು.

ನಮ್ಮಲ್ಲಿ ಇನ್ನೊಂದು ದಾರಿ ಇದೆ, ಅಯ್ಯಪ್ಪ ಮಾಲೆ. ವರ್ಷವಿಡೀ ಕುಡಿದವರು ಮಾಲೆ ಹಾಕಿದ ದಿನದಿಂದ ಒಂದು ಹನಿ ಮುಟ್ಟದೆ 41 ದಿನ ಇರುವುದನ್ನು ನೀವೂ ನೋಡಿರುತ್ತೀರಿ. ಅದೂ ದೇಹದ ಮೂಲಕ ನಡೆಯುವ ಚಿಕಿತ್ಸೆಯೇ ಅಂತ ನನಗೆ ಅನ್ನಿಸುತ್ತದೆ. ನಸುಕಿನಲ್ಲಿ ತಣ್ಣೀರು ಸ್ನಾನ, ಬರಿಗಾಲು, ಹೊತ್ತಿಗೆ ಸರಿಯಾಗಿ ಊಟ, ಸಂಜೆ ಕುಡಿಯುವ ಹೊತ್ತಿಗೇ ಭಜನೆ, ಸುತ್ತ ನಾಲ್ಕು ಜನ ಸ್ವಾಮಿಗಳು, ಎದುರು ಸಿಕ್ಕವರೆಲ್ಲ "ಸ್ವಾಮಿ" ಅಂತ ಕರೆಯುವ ಗೌರವ. ಸಮಸ್ಯೆ ಎರಡು. ತುಂಬಾ ಕುಡಿಯುವವರು ಡಾಕ್ಟರಿಗೆ ತೋರಿಸದೆ ಮಾಲೆ ಹಾಕಿ ನಿಲ್ಲಿಸಿದರೆ ಮೇಲೆ ಹೇಳಿದ ಫಿಟ್ಸ್ ಅವರಿಗೂ ಬರಬಹುದು. ಎರಡನೆಯದು, ಮಾಲೆ ತೆಗೆದ ದಿನವೇ ಇಡೀ ಕಟ್ಟುಪಾಡು ಕಳಚಿ ಬೀಳುತ್ತದೆ. 42ನೇ ದಿನಕ್ಕೆ ಏನು ಅನ್ನುವ ಪ್ರಶ್ನೆಗೆ ಅಲ್ಲಿ ಉತ್ತರ ಇರುವುದಿಲ್ಲ. ಮುಂದೆ ನೋಡುವ ಎಲ್ಲ ಆಯ್ಕೆಗಳಿಗೂ ನಾನು ಇದೇ ಪ್ರಶ್ನೆ ಕೇಳುತ್ತೇನೆ.

ಯೋಗ

ಕರ್ನಾಟಕದಲ್ಲಿ ಇರುವವರಿಗೆ ಸುಲಭವಾಗಿ ಸಿಗುವುದು ಇದೇ, ಮತ್ತೆ ಅಧ್ಯಯನದ ಬಲವೂ ಇದಕ್ಕೆ ಸ್ವಲ್ಪ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವಿದೆ, ಯೋಗವನ್ನು ಆಧುನಿಕ ಚಿಕಿತ್ಸೆಯ ಜೊತೆ ಸೇರಿಸುವ ವಿಭಾಗವೂ ಇದೆ. ಹೆರಾಯಿನ್, ಅಫೀಮು ಜಾತಿಯ ಚಟದಿಂದ ಹೊರಬರುತ್ತಿದ್ದ 59 ಗಂಡಸರ ಮೇಲೆ ಅಲ್ಲಿ ಒಂದು ಪ್ರಯೋಗ ನಡೆಯಿತು. ಎಲ್ಲರಿಗೂ ಈ ಚಟ ಬಿಡುವಾಗಿನ ಕಷ್ಟ ತಗ್ಗಿಸುವ ಬುಪ್ರೆನಾರ್ಫಿನ್ ಮಾತ್ರೆ ಕೊಟ್ಟರು, ಅರ್ಧದಷ್ಟು ಜನರಿಗೆ ಜೊತೆಗೆ ಯೋಗವನ್ನೂ ಕಲಿಸಿದರು. ಚಟ ನಿಲ್ಲಿಸಿದಾಗ ಬರುವ ಮೈಕೈ ನೋವು, ಬೆವರು, ಚಡಪಡಿಕೆ ಹತೋಟಿಗೆ ಬರಲು ಬರೀ ಮಾತ್ರೆಯವರಿಗೆ ಸುಮಾರು 9 ದಿನ ಹಿಡಿದರೆ ಯೋಗವೂ ಮಾಡಿದವರಿಗೆ ಸುಮಾರು 5 ದಿನ ಸಾಕಾಯಿತು. ಚಿಕ್ಕ ಪ್ರಯೋಗ, ಹೆಂಗಸರು ಇರಲಿಲ್ಲ, ಮೊದಲ ಎರಡು ವಾರದ ಮಾತಷ್ಟೇ. ಇನ್ನೂ ಒಂದು ಗಮನಿಸಿ, ಯೋಗ ಮಾಡಿದವರು ಮಾತ್ರೆ ಬಿಟ್ಟಿರಲಿಲ್ಲ. "ಯೋಗದಿಂದ ಹೆರಾಯಿನ್ ಬಿಡಿಸಿದರು" ಅಂತ ಯಾರಾದರೂ ಇದನ್ನೇ ತೋರಿಸಿದರೆ ಅರ್ಧ ಕಥೆ ಹೇಳುತ್ತಿದ್ದಾರೆ ಅಂತ ಅರ್ಥ.

ಕುಡಿತ ಬಿಟ್ಟವರಿಗೆ ಯಾವ ಯೋಗ ಅನ್ನುವುದು ಬೇರೆಯೇ ಮಾತು. ವರ್ಷಗಟ್ಟಲೆ ಕುಡಿದವರ ಕಾಲಿನ ನರಗಳು ಸೋತಿರುತ್ತವೆ. ಪಾದ ಉರಿ, ಜೋಮು, ಚಪ್ಪಲಿ ಕಳಚಿಕೊಂಡರೂ ಗೊತ್ತಾಗದಿರುವುದು ಇವರಲ್ಲಿ ಸಾಮಾನ್ಯ. ಕೆಲವರಿಗೆ ನಡೆಯುವಾಗಲೇ ತೂಗಾಟ ಇರುತ್ತದೆ. ಅಂಥವರನ್ನು ಮೊದಲ ದಿನವೇ ವೃಕ್ಷಾಸನಕ್ಕೆ ಒಂಟಿಕಾಲಲ್ಲಿ ನಿಲ್ಲಿಸಿದರೆ ಬೀಳುತ್ತಾರೆ, ಹತ್ತು ಜನರ ಮುಂದೆ ಬಿದ್ದವರು ಎರಡನೇ ದಿನ ಬರಲ್ಲ. ಕುರ್ಚಿಯ ಮೇಲೆ, ಗೋಡೆಗೆ ಆತು, ಮಲಗಿ ಮಾಡುವ ಆಸನಗಳಿಂದ ಶುರು ಮಾಡಿಸುವ ಗುರು ಬೇಕು. ಲಿವರ್ ಕೆಟ್ಟಿದ್ದರೆ ಇನ್ನೂ ಹುಷಾರು. ಅನ್ನನಾಳದಲ್ಲಿ ರಕ್ತನಾಳಗಳು ಉಬ್ಬಿಕೊಂಡಿರಬಹುದು. ಜೋರಾಗಿ ಹೊಟ್ಟೆ ಎಳೆಯುವ ಕಪಾಲಭಾತಿ, ನೌಲಿ, ಶೀರ್ಷಾಸನ ಅವರಿಗೆ ಬೇಡ, ಉಪ್ಪುನೀರು ಕುಡಿದು ವಾಂತಿ ಮಾಡುವ ಕ್ರಿಯೆ ಅಂತೂ ಬೇಡವೇ ಬೇಡ. ರಕ್ತ ವಾಂತಿಯಾದರೆ ಆಸ್ಪತ್ರೆ ಮುಟ್ಟೋಕೂ ಹೊತ್ತು ಸಿಗದೆ ಹೋಗಬಹುದು.

ಬೆಳಗಿನ ಹೊತ್ತು ಕಷ್ಟ ಅನ್ನುವವರಿಗೆ ಯೋಗ ಚೆನ್ನಾಗಿ ಹೊಂದುತ್ತದೆ. ಎದ್ದಾಗಿನ ತಳಮಳ, ಖಾಲಿ ಖಾಲಿ ಅನ್ನಿಸುವುದು, ಮೈ ಬಿಗಿತ ಇವಕ್ಕೆ. ಸಂಜೆ 7ಕ್ಕೆ ಬಾರ್ ಕಡೆ ಕಾಲು ಎಳೆಯುವವರಿಗೆ ಬೆಳಗಿನ 6ರ ಯೋಗ ಕ್ಲಾಸು ಅಷ್ಟಾಗಿ ಸಹಾಯಕ್ಕೆ ಬರುವುದಿಲ್ಲ. ಅಂಥವರು ಸಂಜೆ ಬ್ಯಾಚ್ ಇದೆಯಾ ಅಂತ ಕೇಳಲಿ.

ಉಸಿರಾಟ

ಇದಕ್ಕೆ ಚಾಪೆ ಬೇಡ, ಕ್ಲಾಸ್ ಬೇಡ, ದುಡ್ಡೂ ಬೇಡ. ಬಸ್ಸಲ್ಲಿ ಕೂತು ಮಾಡಬಹುದು. ಅದೇ ಇದರ ದೊಡ್ಡ ಗುಣ.

ಸುದರ್ಶನ ಕ್ರಿಯೆ, ಅಂದರೆ ಆರ್ಟ್ ಆಫ್ ಲಿವಿಂಗ್‌ನವರು ಕಲಿಸುವ ಲಯಬದ್ಧ ಉಸಿರಾಟ, ಇದರ ಬಗ್ಗೆ ನಿಮ್ಹಾನ್ಸ್‌ನವರು ನಡೆಸಿದ ಒಂದು ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಕುಡಿತ ಬಿಡಿಸುವ ಮೊದಲ ವಾರದ ಔಷಧೋಪಚಾರ ಮುಗಿದ 60 ಜನ. ಅರ್ಧ ಜನಕ್ಕೆ ಎರಡು ವಾರ ಕ್ರಿಯೆ ಕಲಿಸಿದರು. ಅವರಲ್ಲಿ ಖಿನ್ನತೆ ಹೆಚ್ಚು ಇಳಿಯಿತು, ಕಾರ್ಟಿಸೋಲ್ ಅನ್ನುವ ಒತ್ತಡದ ಹಾರ್ಮೋನು ಕೂಡ ಇಳಿಯಿತು. ಒಳ್ಳೆಯ ಸುದ್ದಿಯೇ. ಆದರೆ ಅಲ್ಲಿ ನೋಡಿದ್ದು ಎರಡು ವಾರದ ಖಿನ್ನತೆ ಮತ್ತು ಹಾರ್ಮೋನು, ಆರು ತಿಂಗಳ ನಂತರ ಯಾರು ಕುಡಿಯುತ್ತಿದ್ದರು ಅನ್ನುವುದನ್ನಲ್ಲ.

ನನ್ನ ಮಟ್ಟಿಗೆ ಮೊದಮೊದಲು ರಭಸದ ಉಸಿರಾಟಕ್ಕಿಂತ ನಿಧಾನದ ಉಸಿರಾಟವೇ ಮೇಲು. ವೇಗವಾಗಿ ಉಸಿರಾಡಿದರೆ ಕೆಲವರಿಗೆ ತಲೆ ಸುತ್ತು, ಎದೆ ಡವಡವ, ಕೈ ಜುಮ್ ಅನ್ನುವುದು ಬರುತ್ತದೆ. ಕುಡಿತ ಬಿಟ್ಟ ಹೊಸದರಲ್ಲಿ ಇವೆಲ್ಲ ಮೊದಲೇ ಇರುತ್ತವೆ, ಇನ್ನಷ್ಟು ಗಾಬರಿಯಾಗುತ್ತದೆ. ಫಿಟ್ಸ್ ಬಂದ ಇತಿಹಾಸ, ಬಿಪಿ, ಹೃದಯದ ತೊಂದರೆ, ಹಿಂದೆ ಯಾವಾಗಲಾದರೂ ಮನಸ್ಸು ಹತೋಟಿ ತಪ್ಪಿ ಭ್ರಮೆ ಬಂದಿದ್ದು ಇದ್ದರೆ ಡಾಕ್ಟರನ್ನು ಕೇಳದೆ ರಭಸದ್ದನ್ನು ಮಾಡಬಾರದು.

ನಿಧಾನದ್ದು ಹೀಗೆ. ಕುರ್ಚಿಯಲ್ಲಿ ಬೆನ್ನು ಆನಿಸಿ ಕೂತು ಎರಡೂ ಪಾದ ನೆಲಕ್ಕೆ ಊರಿ. ಒಂದು ಕೈ ಹೊಟ್ಟೆಯ ಮೇಲಿರಲಿ. ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಒಳಗೆ ಎಳೆದುಕೊಂಡು, ಆರು ಎಣಿಸುವಷ್ಟು ಹೊತ್ತು ಹೊರಗೆ ಬಿಡಿ. ನಿಮಿಷಕ್ಕೆ ಆರು ಉಸಿರಾಗುತ್ತದೆ. ಹೊಟ್ಟೆಯ ಮೇಲಿನ ಕೈ ಏರಿ ಇಳಿಯಬೇಕು, ಭುಜ ಮೇಲಕ್ಕೆ ಹೋಗಬಾರದು. ಉಸಿರು ಕಟ್ಟಿ ಹಿಡಿಯಬೇಡಿ. ಐದು ನಿಮಿಷ ಸಾಕು. ಬಿಡುವ ಉಸಿರು ಉದ್ದವಾದಾಗ ಎದೆಬಡಿತ ಇಳಿಯುತ್ತದೆ, ನಾಡಿ ಹಿಡಿದು ನೋಡಿಕೊಂಡರೆ ಗೊತ್ತಾಗುತ್ತದೆ. ಸುಮ್ನೆ ಇರುವಾಗ ದಿನಾ ಮಾಡಿ ರೂಢಿ ಮಾಡಿಕೊಂಡಿದ್ದರೆ ಮಾತ್ರ ಕುಡಿಯಬೇಕು ಅನ್ನಿಸಿದಾಗ ನೆನಪಿಗೆ ಬರುತ್ತದೆ. ವೈನ್ ಶಾಪ್ ಎದುರು ನಿಂತುಕೊಂಡು ಮೊದಲ ಸಲ ಕಲಿಯೋಕಾಗಲ್ಲ.

ನಡಿಗೆ, ಜಿಮ್, ಬೆವರು

ಬೀಡಿ, ಸಿಗರೇಟು, ಗುಟ್ಕಾ ಬಿಡುವವರಿಗೆ ನಾನು ಮೊದಲು ಹೇಳುವುದು ನಡಿಗೆ. ಹತ್ತು ಹದಿನೈದು ನಿಮಿಷ ಬಿರುಸಾಗಿ ನಡೆದರೆ ಸೇದಬೇಕು ಅನ್ನುವ ಒತ್ತಾಸೆ ಆ ಹೊತ್ತಿಗೆ ಕಡಿಮೆಯಾಗುತ್ತದೆ ಅನ್ನುವುದು ಹಲವು ಪ್ರಯೋಗಗಳಲ್ಲಿ ಕಂಡಿದೆ. ಅದರ ಜೊತೆಗೇ ಇನ್ನೊಂದು ವಿಷಯವನ್ನೂ ಹೇಳಬೇಕು. ವ್ಯಾಯಾಮ ಮಾಡಿದವರು ವರ್ಷದ ನಂತರವೂ ಜಾಸ್ತಿ ಜನ ಬಿಟ್ಟೇ ಇದ್ದರಾ ಅಂತ ಲೆಕ್ಕ ಹಾಕಿದಾಗ ಗಟ್ಟಿ ಪುರಾವೆ ಸಿಕ್ಕಿಲ್ಲ. ಅಂದರೆ ನಡಿಗೆ ಆ ಹದಿನೈದು ನಿಮಿಷ ದಾಟಿಸುತ್ತದೆ. ಆಸೆಯ ಅಲೆ ಏರುವುದೂ ಇಳಿಯುವುದೂ ಹೆಚ್ಚುಕಡಿಮೆ ಅರ್ಧ ಗಂಟೆಯೊಳಗೇ ಆದ್ದರಿಂದ ಅಷ್ಟು ದಾಟುವುದೂ ದೊಡ್ಡದೇ. ತಂಬಾಕಿಗೆ ನಿಕೋಟಿನ್ ಗಮ್ ಅಥವಾ ಡಾಕ್ಟರ್ ಬರೆಯುವ ಮಾತ್ರೆ, ಜೊತೆಗೆ ನಡಿಗೆ, ಈ ಜೋಡಿ ಚೆನ್ನ. 2016-17ರ ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರಲ್ಲಿ ಶೇ. 22.8 ಜನ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು, ಹಾಗಾಗಿ ಇದು ಬರೀ ಕುಡುಕರ ಮನೆಯ ಕಥೆಯಲ್ಲ. ತಂಬಾಕು ಬಿಡಲು ಸಹಾಯವಾಣಿ 1800-11-2356.

ಕುಡಿತದವರ ವಿಷಯಕ್ಕೆ ಬಂದರೆ, ನನಗೆ ಗೊತ್ತಿರುವ ಒಬ್ಬ ಕಂಡಕ್ಟರ್ ಇದ್ದಾರೆ. ಡ್ಯೂಟಿ ಮುಗಿಸಿ ಡಿಪೋದಿಂದ ಮನೆಗೆ ಹೋಗುವ ದಾರಿಯಲ್ಲೇ ಎರಡು ಬಾರ್. ಕುಡಿತ ಬಿಟ್ಟಾಗ ಅವರು ಮಾಡಿದ್ದು ಇಷ್ಟು: ಕ್ಯಾಶ್ ಕಟ್ಟಿ, ಡಿಪೋದಲ್ಲೇ ಬಟ್ಟೆ ಬದಲಿಸಿ, ಒಂದು ಬಾಳೆಹಣ್ಣೂ ಕಡಲೆಬೀಜವೂ ತಿಂದು, ಕೆರೆ ಏರಿಯ ಮೇಲಿಂದ ಸುತ್ತು ಹಾಕಿಕೊಂಡು ಮನೆಗೆ ನಡೆಯುವುದು. ಮಗಳು ಏರಿಯ ತುದಿಗೆ ಬಂದು ನಿಲ್ಲುತ್ತಿದ್ದಳು. ಈ ಏರ್ಪಾಡು ಚಿಕ್ಕದಾಗಿ ಕಂಡರೂ ಇದರಲ್ಲಿ ಏನೇನಿದೆ ನೋಡಿ. ಹೊಟ್ಟೆ ಖಾಲಿ ಇಲ್ಲ, ದಾರಿ ಬೇರೆ, ಮೈಗೆ ಕೆಲಸ, ಕಾಯುವವರು ಒಬ್ಬರು. ಹಸಿವು, ಸಿಟ್ಟು, ಒಂಟಿತನ, ಸುಸ್ತು ಈ ನಾಲ್ಕರಲ್ಲಿ ಒಂದಾದರೂ ಇದ್ದಾಗಲೇ ಮತ್ತೆ ಗ್ಲಾಸು ಹಿಡಿಯುವುದು ಜಾಸ್ತಿ ಅಂತ ಕೌನ್ಸೆಲರುಗಳು ಹೇಳುತ್ತಾರೆ. ಈ ಮನುಷ್ಯ ನಾಲ್ಕಕ್ಕೂ ಸಂಜೆಯ ಒಂದು ಗಂಟೆಯಲ್ಲೇ ದಾರಿ ಮಾಡಿಕೊಂಡರು.

ಜಿಮ್‌ಗೆ ಹೋಗುವ ಹುಡುಗರಿಗೆ ಒಂದು ಮಾತು. ಮೊದಲ ತಿಂಗಳೇ ಭಾರ ಎತ್ತುವ ಸಾಹಸ ಬೇಡ. ಕುಡಿತ ಹೃದಯದ ಸ್ನಾಯುವನ್ನೂ ಸೋಲಿಸಿರುತ್ತದೆ. ಒಂದು ಇಸಿಜಿ, ಬಿಪಿ, ಲಿವರ್ ಪರೀಕ್ಷೆ ಮಾಡಿಸಿ ಹೋಗಿ. ಡಬ್ಬದಲ್ಲಿ ಬರುವ ಪುಡಿಗಳನ್ನು ಡಾಕ್ಟರಿಗೆ ತೋರಿಸದೆ ತಿನ್ನಬೇಡಿ.

ಧ್ಯಾನ ಮತ್ತು ವಿಪಸ್ಸನ

ಇಲ್ಲಿ ಎರಡನ್ನು ಬೇರೆ ಬೇರೆ ಇಟ್ಟು ನೋಡಬೇಕು.

ಒಂದು, ವ್ಯಸನಕ್ಕಂತಲೇ ರೂಪಿಸಿದ ಎಂಟು ವಾರದ ಧ್ಯಾನ ತರಬೇತಿ. ಅಮೆರಿಕದ ಸಿಯಾಟಲ್‌ನಲ್ಲಿ ಅಲನ್ ಮಾರ್ಲಟ್, ಸಾರಾ ಬೋವೆನ್ ಮುಂತಾದವರು ಕಟ್ಟಿದ್ದು. ಆಸೆ ಬಂದಾಗ ಅದರ ಜೊತೆ ಗುದ್ದಾಡದೆ, ಅದು ಮೈಯಲ್ಲಿ ಎಲ್ಲಿ ಕಾಣಿಸುತ್ತದೆ ಅಂತ ನೋಡುವುದು ಇದರ ಮುಖ್ಯ ಪಾಠ. ಗಂಟಲು ಒಣಗಿದೆಯಾ, ದವಡೆ ಬಿಗಿದಿದೆಯಾ, ಹೊಟ್ಟೆಯಲ್ಲಿ ಏನೋ ತಿರುವಿದ ಹಾಗಿದೆಯಾ, ಅದು ಏರುತ್ತಿದೆಯಾ ಇಳಿಯುತ್ತಿದೆಯಾ. ಚಿಕಿತ್ಸೆ ಮುಗಿಸಿದ 286 ಜನರ ಮೇಲಿನ ಇದರ ಪ್ರಯೋಗ 2014ರಲ್ಲಿ ಪ್ರಕಟವಾಯಿತು. ಒಂದು ವರ್ಷದ ಹೊತ್ತಿಗೆ ಧ್ಯಾನದ ಗುಂಪಿನವರು ಉಳಿದ ಗುಂಪುಗಳಿಗಿಂತ ಕಡಿಮೆ ದಿನ ಮಾದಕ ವಸ್ತು ಮುಟ್ಟಿದ್ದರು, ವಿಪರೀತ ಕುಡಿಯುವುದೂ ಕಡಿಮೆ ಇತ್ತು. ಈ ಬರಹದಲ್ಲಿ ಬರುವ ಎಲ್ಲದರ ನಡುವೆ, ವರ್ಷದವರೆಗೆ ನೋಡಿ "ಕುಡಿತ ಕಡಿಮೆಯಾಯಿತಾ" ಅಂತಲೇ ಕೇಳಿದ ಗಟ್ಟಿ ಪ್ರಯೋಗ ಅಂದರೆ ನನ್ನ ಲೆಕ್ಕದಲ್ಲಿ ಇದೇ. ತೊಂದರೆ ಏನಂದರೆ ಕನ್ನಡದಲ್ಲಿ ಇದನ್ನು ಕಲಿಸುವವರು ಎಲ್ಲ ಊರಲ್ಲೂ ಸಿಗುವುದಿಲ್ಲ. ವ್ಯಸನದ ಕೆಲಸ ಗೊತ್ತಿರುವ ಮನಶ್ಶಾಸ್ತ್ರಜ್ಞರನ್ನು "ಆಸೆಯ ಅಲೆ ಮೇಲೆ ತೇಲುವುದನ್ನು ಹೇಳಿಕೊಡ್ತೀರಾ" ಅಂತ ನೇರವಾಗಿ ಕೇಳಿ. ಗೊತ್ತಿರುವವರಿಗೆ ಅರ್ಥವಾಗುತ್ತದೆ.

ಎರಡನೆಯದು ಗೋಯೆಂಕಾ ಪರಂಪರೆಯ 10 ದಿನದ ವಿಪಸ್ಸನ ಶಿಬಿರ. ಬೆಂಗಳೂರಿನ ಹತ್ತಿರ ಧಮ್ಮ ಪಫುಲ್ಲ ಕೇಂದ್ರ ಇದೆ. ಶುಲ್ಕ ಇಲ್ಲ, ಮುಗಿಸಿದವರು ಕೊಟ್ಟ ದಾನದಿಂದ ನಡೆಯುತ್ತದೆ. ಸಿಯಾಟಲ್‌ನ ಒಂದು ಜೈಲಿನಲ್ಲಿ ಈ ಶಿಬಿರ ಮಾಡಿದ ಕೈದಿಗಳು ಬಿಡುಗಡೆಯಾದ ಮೂರು ತಿಂಗಳಿಗೆ ಉಳಿದವರಿಗಿಂತ ಕಡಿಮೆ ಕುಡಿಯುತ್ತಿದ್ದರು ಅನ್ನುವ ಅಧ್ಯಯನ 2006ರಲ್ಲಿ ಬಂತು. ಆದರೆ ಶಿಬಿರಕ್ಕೆ ಬಂದವರು ತಾವಾಗೇ ಮುಂದೆ ಬಂದವರು, ಬಿಡುವ ಮನಸ್ಸು ಅವರಿಗೆ ಮೊದಲೇ ಇತ್ತೋ ಏನೋ. ಅದಿರಲಿ, ಹತ್ತು ದಿನ ಮೌನ, ಫೋನ್ ಇಲ್ಲ, ನಸುಕಿನ 4ಕ್ಕೆ ಏಳುವುದು, ದಿನಕ್ಕೆ ಹತ್ತು ಗಂಟೆಯಷ್ಟು ಕೂರುವುದು. ಕುಡಿತ ಬಿಟ್ಟು ಎರಡು ವಾರವಾದವರನ್ನು ಅಲ್ಲಿಗೆ ಕಳಿಸುವುದು ನನಗೆ ಸರಿ ಕಾಣುವುದಿಲ್ಲ. ಒಳಗೆ ಅದುಮಿಟ್ಟದ್ದೆಲ್ಲ ಮೇಲೆ ಬರುತ್ತದೆ, ಪಕ್ಕದಲ್ಲಿ ಮಾತಾಡಲು ಯಾರೂ ಇರುವುದಿಲ್ಲ. ಕೆಲವು ತಿಂಗಳು ಗಟ್ಟಿಯಾಗಿ ನಿಂತ ಮೇಲೆ, ಅರ್ಜಿಯಲ್ಲಿ ಚಟದ ಬಗ್ಗೆ, ತಗೊಳ್ಳುವ ಮಾತ್ರೆಯ ಬಗ್ಗೆ ಮುಚ್ಚಿಡದೆ ಬರೆದು ಹೋಗಲಿ.

ರಾತ್ರಿ ನಿದ್ದೆ ಬರದೇ ಒದ್ದಾಡುವವರಿಗೆ ಇವೆರಡಕ್ಕಿಂತ ಯೋಗನಿದ್ರೆ ವಾಸಿ. ಕುಡಿತ ಬಿಟ್ಟ ಮೇಲೆ ನಿದ್ದೆ ಸರಿಯಾಗಲು ಎಷ್ಟೋ ಜನಕ್ಕೆ ತಿಂಗಳುಗಳೇ ಹಿಡಿಯುತ್ತವೆ. "ನಿದ್ದೆಗೋಸ್ಕರ ಒಂದೇ ಒಂದು ಪೆಗ್" ಅಂತ ಮತ್ತೆ ಶುರುವಾಗುವುದು ಇಲ್ಲೇ. ಮಲಗಿಕೊಂಡು, ಹೇಳುವವರ ದನಿ ಕೇಳುತ್ತಾ, ಬಲಗೈ ಹೆಬ್ಬೆರಳಿನಿಂದ ಒಂದೊಂದೇ ಅಂಗಕ್ಕೆ ಗಮನ ಕೊಡುತ್ತಾ ಹೋಗುವುದು, ಅಷ್ಟೇ. ಕನ್ನಡದಲ್ಲಿ ಆಡಿಯೋಗಳು ಬಿಟ್ಟಿಯಾಗಿ ಸಿಗುತ್ತವೆ. ನಿದ್ದೆ ಬಾರದಿದ್ದರೂ ಮೈ ವಿಶ್ರಾಂತಿ ಪಡೆಯುತ್ತದೆ.

ಕಿವಿಗೆ ಸೂಜಿ

ಇದರ ಇತಿಹಾಸ ಸ್ವಾರಸ್ಯವಾಗಿದೆ. 1970ರ ದಶಕದ ಶುರುವಿನಲ್ಲಿ ಹಾಂಗ್‌ಕಾಂಗ್‌ನಲ್ಲಿ ವೆನ್ ಅನ್ನುವ ಡಾಕ್ಟರ್ ಆಪರೇಶನ್ನಿಗೆ ಅಂತ ಸೂಜಿ ಚುಚ್ಚಿ ಕರೆಂಟ್ ಹಾಯಿಸಿದಾಗ, ಅಫೀಮಿನ ಚಟ ಇದ್ದ ರೋಗಿಗಳು ಚಡಪಡಿಕೆ ಕಡಿಮೆಯಾಯಿತು ಅಂದರು. ಅದು ನ್ಯೂಯಾರ್ಕಿನ ಬ್ರಾಂಕ್ಸ್‌ನ ಲಿಂಕನ್ ಆಸ್ಪತ್ರೆಗೆ ತಲುಪಿತು. ಅಲ್ಲಿ ಬಡ ಕಪ್ಪು ಜನಾಂಗದವರು, ಪೋರ್ಟೊರಿಕೊ ಮೂಲದವರು ಹೋರಾಡಿ ಶುರು ಮಾಡಿಸಿದ ಚಟ ಬಿಡಿಸುವ ಕೇಂದ್ರದಲ್ಲಿ ಅದು ಬೆಳೆದು, ಒಂದೊಂದು ಕಿವಿಗೂ ಐದು ಸೂಜಿ ಚುಚ್ಚುವ ಕ್ರಮವಾಗಿ ಜಗತ್ತಿಗೆಲ್ಲ ಹರಡಿತು.

ಪರೀಕ್ಷೆಗೆ ಒಡ್ಡಿದಾಗ ಏನಾಯಿತು? ಕೊಕೇನ್ ಚಟದ 620 ಜನರ ಮೇಲಿನ ಪ್ರಯೋಗ 2002ರಲ್ಲಿ ಹೊರಬಂತು. ಸರಿಯಾದ ಜಾಗಕ್ಕೆ ಸೂಜಿ, ಬೇರೆ ಜಾಗಕ್ಕೆ ಸೂಜಿ, ಸೂಜಿಯೇ ಇಲ್ಲದೆ ನೆಮ್ಮದಿಯ ವಿಡಿಯೊ ನೋಡುವುದು, ಹೀಗೆ ಮೂರು ಗುಂಪು. ಕೊಕೇನ್ ಬಳಕೆಯಲ್ಲಿ ಮೂರಕ್ಕೂ ವ್ಯತ್ಯಾಸವೇ ಕಾಣಲಿಲ್ಲ. ಅಲ್ಲಿಗೆ ನನ್ನ ತೀರ್ಮಾನ: ಯಾರಾದರೂ ಬಿಟ್ಟಿ ಮಾಡಿದರೆ, ಸೂಜಿ ಹೊಸದಾಗಿದ್ದರೆ, ಅರ್ಧ ಗಂಟೆ ಜೊತೆಯವರ ಸಂಗಡ ಸುಮ್ನೆ ಕೂರುವುದಕ್ಕೆ ಅಂತ ಹೋಗಬಹುದು. ಸಾವಿರಗಟ್ಟಲೆ ಕೊಟ್ಟು ಪ್ಯಾಕೇಜ್ ತಗೊಳ್ಳುವಂಥದ್ದು ಇದರಲ್ಲಿ ಏನೂ ಇಲ್ಲ. ಪ್ರತಿ ಸಲ ಪ್ಯಾಕೆಟ್ ಒಡೆದು ಹೊಸ ಸೂಜಿ ತೆಗೆಯುವುದನ್ನು ಕಣ್ಣಾರೆ ನೋಡಿ.

ಎಣ್ಣೆ ಮಸಾಜ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೈ ಹಗುರಾಗುತ್ತದೆ, ನಿದ್ದೆ ಬರುತ್ತದೆ, ಮನೆಯಲ್ಲೇ ಭಾನುವಾರ ಎಣ್ಣೆಸ್ನಾನ ಮಾಡಿಸಿದರೂ ಅಷ್ಟೇ ಸುಖ.

ಪ್ರಕೃತಿ ಚಿಕಿತ್ಸೆ, ಆಯುರ್ವೇದ, ನಾಟಿ ಔಷಧ

"ಮೈಯಲ್ಲಿರುವ ವಿಷ ತೆಗೀಬೇಕು" ಅನ್ನುವ ಮಾತಿಗೆ ನಮ್ಮ ಜನ ಬೇಗ ಬೀಳುತ್ತಾರೆ. ಕುಡಿದದ್ದನ್ನು ಹೊರಹಾಕುವ ಕೆಲಸ ಲಿವರ್ ತಾನೇ ಮಾಡುತ್ತದೆ, ಕೊನೆಯ ಪೆಗ್ ಆದ ಒಂದೆರಡು ದಿನದಲ್ಲಿ ಮದ್ಯ ಮೈಯಲ್ಲಿ ಇರುವುದೇ ಇಲ್ಲ. ಉಳಿಯುವುದು ಸೋತ ನರ, ಕೆಟ್ಟ ನಿದ್ದೆ, ಅಭ್ಯಾಸ. ಅದಕ್ಕೆ ಉಪವಾಸ ಮದ್ದಲ್ಲ. ಕುಡಿಯುವವರ ಮೈಯಲ್ಲಿ ಬಿ1 ಮೊದಲೇ ಬರಿದಾಗಿರುತ್ತದೆ. ಅದರ ಮೇಲೆ ಬರೀ ಜ್ಯೂಸ್, ಬರೀ ನೀರು ಅಂತ ದಿನಗಟ್ಟಲೆ ಇಟ್ಟರೆ ನೆನಪಿನ ಶಕ್ತಿಗೇ ಶಾಶ್ವತ ಪೆಟ್ಟು ಬೀಳಬಹುದು. ಹಬೆ ಸ್ನಾನ, ಭೇದಿ ಮಾಡಿಸುವುದು, ವಾಂತಿ ಮಾಡಿಸುವ ಪಂಚಕರ್ಮ ಇವೆಲ್ಲ ನೀರಿನಂಶ ಕಳೆಯುತ್ತವೆ, ಮೊದಲ ವಾರಗಳಲ್ಲಿ ದೂರವಿಡಿ. ಪ್ರಕೃತಿ ಚಿಕಿತ್ಸಾ ಆಸ್ಪತ್ರೆಯ ಒಳ್ಳೆಯ ಭಾಗ ಬೇರೆ ಇದೆ. ಹೊತ್ತಿಗೆ ಸರಿಯಾದ ಊಟ, ಮಣ್ಣಿನ ಪಟ್ಟಿ, ತಣ್ಣೀರು ಚಿಕಿತ್ಸೆ, ಮರಗಳ ನಡುವೆ ನಡಿಗೆ. ಕುಡಿತ ಬಿಟ್ಟು ಎರಡು ಮೂರು ತಿಂಗಳಾದ ಮೇಲೆ, ರಕ್ತ ಪರೀಕ್ಷೆಯ ವರದಿ ಹಿಡಿದುಕೊಂಡು ಹೋಗಿ, ಉಪವಾಸ ಬೇಡ ಅಂತ ಮೊದಲೇ ಹೇಳಿದರೆ ಹತ್ತು ದಿನದ ಒಳ್ಳೆಯ ವಿರಾಮ ಸಿಗುತ್ತದೆ.

ಆಯುರ್ವೇದದಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಅಶ್ವಗಂಧಾರಿಷ್ಟ, ದ್ರಾಕ್ಷಾರಿಷ್ಟ, ಹೀಗೆ ಹೆಸರಿನ ಕೊನೆಗೆ ಅರಿಷ್ಟ, ಆಸವ ಅಂತ ಬರುವವೆಲ್ಲ ಹುಳಿ ಬರಿಸಿ ಮಾಡುವಂಥವು, ಅವುಗಳಲ್ಲಿ ತಾನಾಗೇ ಹುಟ್ಟಿದ ಮದ್ಯ ಇರುತ್ತದೆ. ಬಾಟಲಿಯ ಲೇಬಲ್ ಮೇಲೆ ಸಣ್ಣ ಅಕ್ಷರದಲ್ಲಿ ಎಷ್ಟು ಶೇಕಡ ಅಂತಲೂ ಬರೆದಿರುತ್ತಾರೆ, ಕನ್ನಡಕ ಹಾಕಿಕೊಂಡು ಓದಿ. "ಶಕ್ತಿ ಬರಲಿ" ಅಂತ ಅಮ್ಮ ತಂದು ದಿನಾ ರಾತ್ರಿ ಕೊಡುವ ಎರಡು ಮುಚ್ಚಳವೇ ಮತ್ತೆ ನಾಲಗೆಗೆ ರುಚಿ ನೆನಪಿಸಬಹುದು. ಡೈಸಲ್ಫಿರಾಮ್ ಅಂತ, ಮದ್ಯ ಮುಟ್ಟಿದರೆ ಮೈಗೆ ಆಗದ ಹಾಗೆ ಮಾಡುವ ಒಂದು ಮಾತ್ರೆ ಇದೆ, ಕುಡಿತ ಬಿಡಿಸಲು ಡಾಕ್ಟರ್ ಕೊಡುತ್ತಾರೆ; ಅದನ್ನು ತಗೊಳ್ಳುತ್ತಿರುವವರು ಅರಿಷ್ಟ ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಬಿಪಿ ಇಳಿದು ಆಸ್ಪತ್ರೆ ಸೇರಬೇಕಾಗುತ್ತದೆ. ಕೆಲವು ಕೆಮ್ಮಿನ ಸಿರಪ್‌ಗಳಿಗೂ ಇದೇ ಎಚ್ಚರಿಕೆ. ಅಮೃತಬಳ್ಳಿ, ಅಶ್ವಗಂಧ ತಿಂದು ಲಿವರ್‌ಗೆ ಪೆಟ್ಟಾದ ಪ್ರಕರಣಗಳೂ ವೈದ್ಯಕೀಯ ವರದಿಗಳಲ್ಲಿ ಇವೆ. ಲಿವರ್ ಸೋತಿರುವವರು ಕಷಾಯ ಅಂತ ಹಗುರವಾಗಿ ತಗೊಳ್ಳುವುದು ಬೇಡ.

ಇನ್ನು "ಅವರಿಗೆ ಗೊತ್ತಾಗದ ಹಾಗೆ ಸಾರಿನಲ್ಲಿ ಬೆರೆಸಿ ಕೊಡಿ" ಅಂತ ಮಾರುವ ಪುಡಿ. ಅದರೊಳಗೆ ಏನಿದೆ ಅಂತ ಮಾರುವವನೂ ಹೇಳಲ್ಲ. ಡೈಸಲ್ಫಿರಾಮ್‌ನಂಥದ್ದೇ ಇದ್ದು, ಮನುಷ್ಯ ಗೊತ್ತಿಲ್ಲದೆ ಆ ರಾತ್ರಿ ಕ್ವಾರ್ಟರ್ ಹಾಕಿದರೆ ಹೃದಯ ನಿಲ್ಲುವ ಸಾಧ್ಯತೆಯೂ ಇದೆ. ಈ ಮಾತ್ರೆಯ ಪ್ರಭಾವ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಇರಬಹುದು. ಹೆಂಡತಿಯೋ ತಾಯಿಯೋ ಹತಾಶೆಯಿಂದ ಹೀಗೆ ಮಾಡುತ್ತಾರೆ ಅನ್ನುವುದು ಅರ್ಥವಾಗುತ್ತದೆ. ಆದರೂ ಮಾಡಬೇಡಿ. ಗೊತ್ತಿದ್ದು, ಒಪ್ಪಿ, ಡಾಕ್ಟರ ಚೀಟಿಯಲ್ಲಿ ತಗೊಂಡರೆ ಇದೇ ಮಾತ್ರೆ ಹಲವರಿಗೆ ಆಸರೆಯಾಗಿದೆ.

ಊರಿನ ಶಿಬಿರ ಮತ್ತು ಗುಂಪು

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಹಳ್ಳಿಹಳ್ಳಿಗಳಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳ ಬಗ್ಗೆ ಕೇಳಿರುತ್ತೀರಿ. ಸುಮಾರು ಎಂಟು ದಿನ ಒಂದೇ ಸೂರಿನಡಿ ಇದ್ದು ವ್ಯಾಯಾಮ, ಯೋಗ, ಭಜನೆ, ಆಪ್ತ ಸಲಹೆ, ಮನೆಯವರನ್ನೂ ಕರೆಸಿ ಮಾತು. ಇದರಲ್ಲಿ ನನಗೆ ಹಿಡಿಸುವುದು ಎಂಟು ದಿನದ ಕಾರ್ಯಕ್ರಮಕ್ಕಿಂತ ಆಮೇಲಿನದು. ಶಿಬಿರ ಮುಗಿಸಿದವರು ಊರಲ್ಲೇ ನವಜೀವನ ಸಮಿತಿ ಅಂತ ಸೇರುತ್ತಾರೆ. ಮಾಲೆ ತೆಗೆದ ಮೇಲೆ ಏನು ಅಂತ ಮೇಲೆ ಕೇಳಿದೆನಲ್ಲ, ಅದಕ್ಕೆ ಇಲ್ಲಿ ಒಂದು ಉತ್ತರ ಇದೆ. ಕೈ ನಡುಕ, ಫಿಟ್ಸ್ ಇರುವವರು ಮೊದಲು ಆಸ್ಪತ್ರೆಗೆ ಹೋಗಿ ಆಮೇಲೆ ಶಿಬಿರಕ್ಕೆ ಹೋಗಲಿ. ಭಜನೆ, ಪೂಜೆ ಒಗ್ಗದವರಿಗೆ ಕುಡಿತ ಬಿಟ್ಟವರೇ ಸೇರಿ ನಡೆಸುವ ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆಗಳಿವೆ, ಕನ್ನಡದಲ್ಲೂ ನಡೆಯುತ್ತವೆ, ದುಡ್ಡು ಕೇಳುವುದಿಲ್ಲ, ಮನೆಯವರಿಗೆ ಬೇರೆಯೇ ಗುಂಪು ಇದೆ.

ಹಾಗಾದರೆ ಯಾವುದು?

ಬೆಳಗಿನ ತಳಮಳಕ್ಕೆ ಕುರ್ಚಿ ಯೋಗ. ಸಂಜೆಯ ಸೆಳೆತಕ್ಕೆ ಹೊಟ್ಟೆ ತುಂಬಿಸಿಕೊಂಡು ನಡಿಗೆ, ಅದೂ ಜೊತೆಗೊಬ್ಬರಿದ್ದು. ರಾತ್ರಿಗೆ ಯೋಗನಿದ್ರೆ. ಹೊತ್ತುಗೊತ್ತಿಲ್ಲದೆ ನುಗ್ಗುವ ಆಸೆಗೆ ನಿಧಾನದ ಉಸಿರು ಮತ್ತು ಎಂಟು ವಾರದ ಧ್ಯಾನದ ಪಾಠ. ಒಂಟಿ ಜೀವಕ್ಕೆ ಗುಂಪು ಮೊದಲು, ಉಳಿದದ್ದು ಆಮೇಲೆ. ಕಾಲು ನೋವು, ಬೆನ್ನು ನೋವಿಗೆ ಅಂತ ಕುಡಿತ ಹಿಡಿದವರಿಗೆ ಫಿಸಿಯೋಥೆರಪಿ, ಇದನ್ನು ಯಾರೂ ಹೇಳುವುದೇ ಇಲ್ಲ. ಒಂದನ್ನು ಆರಿಸಿ, ಎರಡು ತಿಂಗಳು ಮಾಡಿ, ಆಮೇಲೆ ಬೇಕಿದ್ದರೆ ಇನ್ನೊಂದನ್ನು ಸೇರಿಸಿ. ಮೊದಲ ವಾರವೇ ಐದನ್ನು ಹಿಡಿದವರು ಮೂರನೇ ವಾರಕ್ಕೆ ಐದನ್ನೂ ಬಿಡುತ್ತಾರೆ. ಡಾಕ್ಟರ ಮಾತ್ರೆ ಮಾತ್ರ ಇವೆಲ್ಲದರ ಜೊತೆಗೆ ನಡೆಯಬೇಕು. "ಯೋಗ ಮಾಡ್ತಿದೀನಲ್ಲ" ಅಂತ ತಾವಾಗೇ ಮಾತ್ರೆ ನಿಲ್ಲಿಸುವುದನ್ನು ನಾನು ಬಹಳ ನೋಡಿದ್ದೇನೆ.

ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗದಿದ್ದರೆ 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲಿ ಮಾತಾಡಬಹುದು. ಮಾದಕ ವಸ್ತು ವ್ಯಸನಕ್ಕಂತಲೇ 14446 ಇದೆ. ಎರಡಕ್ಕೂ ದುಡ್ಡಿಲ್ಲ.

ಒಳರೋಗಿಯಾಗಿ ಸೇರಿಸುವ ಕೇಂದ್ರ ಆರಿಸುವಾಗ ಗೋಡೆಯ ಮೇಲಿನ ಯೋಗದ ಚಿತ್ರ ನೋಡಿ ಮರುಳಾಗಬೇಡಿ. ಇಂಥ ಕೇಂದ್ರ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗಿರಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ, ಸರಪಳಿ ಹಾಕಿ ಕಟ್ಟುವುದನ್ನು ಅದೇ ಕಾಯ್ದೆ ನಿಷೇಧಿಸಿದೆ. ನೋಂದಣಿ ಪತ್ರ ತೋರಿಸಿ ಅನ್ನಿ. ಮನೋವೈದ್ಯರು ವಾರಕ್ಕೆ ಎಷ್ಟು ದಿನ ಬರುತ್ತಾರೆ, ರಾತ್ರಿ ಫಿಟ್ಸ್ ಬಂದರೆ ಯಾವ ಆಸ್ಪತ್ರೆಗೆ ಕರೆದೊಯ್ಯುತ್ತಾರೆ, ಮನೆಯವರು ಯಾವಾಗ ಬೇಕಾದರೂ ಬಂದು ನೋಡಬಹುದಾ, ಯೋಗ ಹೇಳಿಕೊಡುವವರು ಲಿವರ್ ವರದಿ ಕೇಳುತ್ತಾರಾ, ಮನೆಗೆ ಬಂದ ಮೇಲೆ ಎಷ್ಟು ತಿಂಗಳು ಫೋನ್ ಮಾಡಿ ವಿಚಾರಿಸುತ್ತಾರೆ ಅಂತ ಕೇಳಿ. ಒಳಗಿನ ಮಲಗುವ ಕೋಣೆ, ಬಚ್ಚಲು, ಅಡುಗೆಮನೆ ತೋರಿಸಿ ಅಂತಲೂ ಕೇಳಿ. "ಅಡ್ವಾನ್ಸ್ ಕಟ್ಟಿ, ಆಮೇಲೆ ತೋರಿಸ್ತೀವಿ" ಅಂದರೆ ಬೇರೆ ಕಡೆ ವಿಚಾರಿಸಿ.